ಬನ್ನಿ ತೆಗೆದುಕೊಂಡವರು

ಬೆಟಗೇರಿ
೧೪ ನವೆಂಬರ್ ೨೦೨೪

ಫಾದರ್ ಸಿಲ್ವೆಸ್ಟರ್ ಅವರಿಗೆ, ಒಡಹುಟ್ಟಿದ ತೆರೇಸವ್ವ ಬರೆಯುವುದು.

ಕ್ಷೇಮ ಕೇಳುವುದಿಲ್ಲ. ಫೋನಿನಲ್ಲಾದರೆ ನೀವು ಎದುರಿನವರ ಸಿಟ್ಟನ್ನು ಮೊದಲು ಹೊಗಳಿ ಆಮೇಲೆ ಆರಿಸುತ್ತೀರಿ. ಅದಕ್ಕೇ ಈ ಕಾಗದ.

ಸುಡಾನಿನಲ್ಲಿ ಬಂದೂಕು ಹಿಡಿದ ಎರಡು ಪಂಗಡಗಳನ್ನು ಒಂದೇ ಚಾಪೆಯ ಮೇಲೆ ಕೂರಿಸಿದಿರಿ. ಕೊಲಂಬಿಯಾದ ಕಾಡಿನಿಂದ ಒತ್ತೆಯಾಳುಗಳನ್ನು ಬಿಡಿಸಿ ತಂದಿರಿ. ನಮ್ಮ ಚರ್ಚಿನಲ್ಲಿ ನಿಮ್ಮ ಫೋಟೋ ಹಾಕಿದ್ದಾರೆ. ಅದರ ಕೆಳಗೆ ಕುಳಿತು ನಾನು ಜಪಸರ ಹೇಳುತ್ತೇನೆ, ಕಣ್ಣು ಮುಚ್ಚಿಕೊಂಡು.

ಉಳವಪ್ಪನ ಅರಳೆ ಮಿಲ್ಲಿನ ಯಂತ್ರಕ್ಕೆ ಮುಚ್ಚಳವಿರಲಿಲ್ಲ. ನೀವೇ ದೀಕ್ಷಾಸ್ನಾನ ಕೊಟ್ಟ ನನ್ನ ಮಗಳು ಸುನಿತಾಳ ಬಲಗೈ ಅದರಲ್ಲಿ ಹೋಯಿತು. ಮುಚ್ಚಳವಿತ್ತು, ಹುಡುಗಿಯೇ ತೆಗೆದಳು ಎಂದು ಅವನು ಕೋರ್ಟಿನಲ್ಲಿ ಹೇಳುತ್ತಿದ್ದಾನೆ. ಅದು ಸುಳ್ಳೆನ್ನಲು ಇದ್ದವಳು ಪಕ್ಕದ ಯಂತ್ರದ ಗದಿಗೆವ್ವ ಒಬ್ಬಳೇ.

ದಸರೆಗೆ ನೀವು ಬಂದಿರಿ. ಬನ್ನಿಯ ಸಂಜೆ ನಾನು ಔಷಧಿ ತರಲು ಗದುಗಿಗೆ ಹೋಗಿದ್ದೆ. ಉಳವಪ್ಪ ಅಂಗಳಕ್ಕೆ ಬಂದು ಬನ್ನಿ ಎಲೆ ಚಾಚಿದ. ನೀವು ತೆಗೆದುಕೊಂಡು ಅವನನ್ನು ಅಪ್ಪಿಕೊಂಡಿರಿ. ಓಣಿಯೆಲ್ಲ ನೋಡಿತು. ಬನ್ನಿ ತೆಗೆದುಕೊಂಡ ಮನೆಯ ಜಗಳ ಅಲ್ಲಿಗೆ ಮುಗಿಯಿತೆಂದು ಈ ಊರಿನ ಕೂಸಿಗೂ ಗೊತ್ತು. ದೇಶದೇಶಗಳ ರೂಢಿ ಕಲಿಯುವಾಗ ಹುಟ್ಟಿದ ಓಣಿಯದನ್ನು ಮರೆತಿರೇ? ಬರೀ ಎಲೆ ಎಂದುಕೊಂಡೆ ಎಂದಿರಿ.

ಮರುವಾರ ಗದಿಗೆವ್ವ ಸಾಕ್ಷಿ ಹೇಳಲು ಒಲ್ಲೆನೆಂದಳು. “ಯಕ್ಕಾ, ನಿಮ್ಮ ಮನ್ಯಾಗ ಬನ್ನಿ ತಗೊಂಡೀರಿ. ಬಂಗಾರದಂಗ ಇರೂಣು ಅಂದಮ್ಯಾಲೆ ನಡುವ ನಾ ಯಾಕ ಕೆಟ್ಟಾಕಿ ಆಗ್ಲಿ? ಅದೂ ಫಾದರ ತಗೊಂಡಾರ.” ಉಳವಪ್ಪನಂತೂ ಸಂತೆಯಲ್ಲಿ ನಿಲ್ಲಿಸಿ ನಕ್ಕ. “ಅಕ್ಕಾರ, ನಿಮ್ಮಣ್ಣಾರು ಜಗತ್ತಿನ ಜಗಳಾ ಬಿಡಸ್ತಾರ. ನಮ್ಮದೇನ್ ಮಹಾ ಬಿಡ್ರಿ.”

ಇದನ್ನು ಹೇಳಿದಾಗ ನೀವು ಕೊಟ್ಟ ಉತ್ತರ ನೆನಪಿದೆ: ಶಾಂತಿಗೆ ಯಾರಾದರೊಬ್ಬರು ಮೊದಲು ಕೈ ಚಾಚಬೇಕು. ನನ್ನ ಮಗಳಿಗೆ ಚಾಚಲು ಉಳಿದಿರುವುದು ಎಡಗೈ.

ಇನ್ನು ನಮ್ಮ ಪರವಾಗಿ ಯಾರೊಂದಿಗೂ ರಾಜಿ ಆಗಬೇಡಿ. ಕ್ರಿಸ್‌ಮಸ್‌ಗೆ ಬರುವುದೂ ಬೇಡ.

ನಿಮ್ಮ ಪ್ರಾರ್ಥನೆ ಬೇಡವಾದ,
ತೆರೇಸವ್ವ

ತಾ.ಕ.: ಲಕೋಟೆ ಅಂಟಿಸುವಾಗ ಸುನಿತಾ ಬಾಯಿ ಬಿಟ್ಟಳು. ಆ ಸಂಜೆ ಉಳವಪ್ಪ ಒಳಗೆ ಬಂದು ಅವಳಿಗೂ ಬನ್ನಿ ಕೊಡಹೋದನಂತೆ. ಒಲ್ಲೆ ಎಂದು ಮುಖ ತಿರುಗಿಸಿದಳಂತೆ. ಅದನ್ನು ಕಂಡವನು ನೀನೊಬ್ಬನೇ. ಕಾಗದ ಅಲ್ಲೇ ಬಿಟ್ಟು ಗದಿಗೆವ್ವನ ಮನೆಗೆ ಹೋಗಿ ಹೇಳಿದೆ. ನನ್ನ ಮಾತು ಅವಳಿಗೆ ಸಾಲದು. “ಕೈ ಕಳಕೊಂಡಾಕಿನ ಬನ್ನಿ ತಗೊಂಡಿಲ್ಲಂದ್ರ ಜಗಳ ಮುಗದಿಲ್ಲ. ಹುಡುಗಿ ಒಲ್ಲೆ ಅಂದದ್ದು ಖರೆ ಅಂತ ಫಾದರ ಬಾಯಿಲೆ ಕೇಳಿದ್ರ ಸಾಕ್ಷಿಗೆ ಬರ್ತೀನಿ” ಎಂದಳು. ಸಾಕ್ಷಿ ಡಿಸೆಂಬರ್ ಮೊದಲ ವಾರ. ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ಹೊಡೆದುಹಾಕಿಲ್ಲ. ಬಾ.