ನಾನು ತಟ್ಟುವವರೆಗೆ ಯಾರೂ ತಟ್ಟಬೇಡಿ

ಲಾಂಡ್ರಿಯ ಹಿಂದಿನ ಕೋಣೆ
ಒಂಬತ್ತನೇ ತಾರೀಖು, ಭಾನುವಾರ

ಪ್ರೀತಿಯ ತಮ್ಮ ಮೊದ್ದುವಿಗೆ,

ಹೇಗಿದ್ದೀಯ? ಬಲಗೈ ಮಣಿಕಟ್ಟಿನ ನೋವು ಹೋಯಿತಾ, ಇಲ್ಲ ಇನ್ನೂ ಸವರಿಕೊಂಡೇ ಕೂತಿದ್ದೀಯಾ? ಬಿಸಿನೀರಿನಲ್ಲಿ ಅದ್ದು ಅಂತ ಹೋದ ಕಾಗದದಲ್ಲೂ ಬರೆದಿದ್ದೆ, ನೀನು ಕೇಳುವವನಲ್ಲ. ನನ್ನ ಮಂಡಿ ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ಎರಡನೇ ಮಾತಿಗೇ ನನಗೆ ಸಿಟ್ಟು ಬರುತ್ತೆ, ಮೂರನೇ ಮಾತಿಗೆ ನೀನು ಸುಮ್ಮನಾಗುತ್ತೀಯ. ಕಾಗದದಲ್ಲಾದರೆ ನಾನು ಬೈದು ಮುಗಿಸುವವರೆಗೆ ಕೇಳಲೇಬೇಕು. ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ನಿಮ್ಮ ಆರ್ಕೆಸ್ಟ್ರಾದವರು ನಾಲ್ಕು ನಾಲ್ಕು ಜನ ಗುಂಪಾಗಿ ಬೀದಿ ಬೀದಿಗೆ, ಕಾರ್ಖಾನೆಗಳಿಗೆ ಹೋಗಿ ನುಡಿಸುತ್ತಾರೆ ಅಂತ ನೀನೇ ಬರೆದಿದ್ದೆಯಲ್ಲ, ಮೊನ್ನೆ ಶುಕ್ರವಾರ ಒಂದು ಗುಂಪು ನಮ್ಮ ಲಾಂಡ್ರಿಗೇ ಬಂತು. ಉಳಿದ ಗುಂಪುಗಳು ಬೇರೆ ಕಡೆ ಹೋಗಿವೆ ಅಂದರು, ನೀನೂ ಅದರಲ್ಲೇ ಇದ್ದಿರಬೇಕು. ನಾನೇನೂ ಬಾಗಿಲು ನೋಡುತ್ತಾ ನಿಂತಿರಲಿಲ್ಲ. ಆಸ್ಪತ್ರೆ ಬಟ್ಟೆಯ ಗಾಡಿಗಳನ್ನೆಲ್ಲ ಹೊರಗೆ ತಳ್ಳಿ ಇಸ್ತ್ರಿ ಕೋಣೆಯಲ್ಲಿ ಜಾಗ ಮಾಡಿದೆವು. ಪಿಟೀಲಿನವರು ಇಬ್ಬರು, ಅದಕ್ಕಿಂತ ತುಸು ದೊಡ್ಡ ಪಿಟೀಲಿನವನೊಬ್ಬ, ನಿನ್ನ ಹಾಗೆ ಆ ಆಳೆತ್ತರದ ಪಿಟೀಲು, ಚೆಲೋ, ಮುಂದೆ ನಿಲ್ಲಿಸಿಕೊಂಡ ಹುಡುಗಿಯೊಬ್ಬಳು. ಶ್ರುತಿ ಮಾಡುವಾಗ ಸದ್ದು ತಗಡಿನ ಸೂರಿಗೆ ಬಡಿದು ಕಿವಿ ಕೊರೆಯಿತು. ಹುಡುಗಿ ಮುಖ ಸಿಂಡರಿಸಿದಳು. ಮೂರು ಗೋಡೆಗೂ ಹಗ್ಗ ಕಟ್ಟಿಸಿ ಒಣಗಿದ ಬೆಡ್‌ಶೀಟ್ ನೇತುಹಾಕಿಸಿದೆ, ಸದ್ದು ಮೆತ್ತಗಾಯಿತು. ನಮ್ಮ ಸಭಾಂಗಣದಲ್ಲೂ ಇಷ್ಟು ಚೆನ್ನಾಗಿರಲ್ಲ ಅಂದಳು. ಸುಳ್ಳಿರಬಹುದು, ಕೇಳೋಕೆ ಚೆನ್ನಾಗಿತ್ತು.

ಈಗ ನನ್ನ ಘನಕಾರ್ಯ ಕೇಳು. ಹನ್ನೊಂದು ವರ್ಷದ ಹಿಂದೆ ಆ ನಿಮ್ಮ ಸಭಾಂಗಣದಲ್ಲಿ ನನಗಾದ ಮರ್ಯಾದೆ ಇಬ್ಬರಿಗೂ ನೆನಪಿದೆ. ನೀವು ನಡುವೆ ನಿಲ್ಲಿಸಿದಿರಿ, ಮುಗಿಯಿತು ಅಂದುಕೊಂಡು ನಾನೊಬ್ಬಳೇ ಜೋರಾಗಿ ಚಪ್ಪಾಳೆ ತಟ್ಟಿದೆ. ಎಲ್ಲಾ ಭಾಗ ಮುಗಿಯುವವರೆಗೆ ತಟ್ಟಬಾರದಂತೆ, ನನಗೇನು ಗೊತ್ತು? ಮುಂದಿನ ಸಾಲಿನವರು ತಿರುಗಿ ನಕ್ಕರು. ಅದನ್ನು ಅಂದೇ ಮರೆತೆ. ನೀನು ವೇದಿಕೆ ಮೇಲೆ ತಲೆ ತಗ್ಗಿಸಿದೆಯಲ್ಲ, ಅದನ್ನು ಮರೆಯಲಿಲ್ಲ. ಅವತ್ತಿನಿಂದ ಆ ಕಡೆ ತಲೆ ಹಾಕಿಯೂ ಮಲಗಿಲ್ಲ. ನಮ್ಮ ಹೆಂಗಸರಿಗೆ ಆ ಗತಿ ಬೇಡ ಅಂತ ಬೆಳಿಗ್ಗೆಯೇ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದೆ: ನಾನು ತಟ್ಟುವವರೆಗೆ ಯಾರೂ ತಟ್ಟಬೇಡಿ, ತಟ್ಟಿದವರಿಗೆ ಒಂದು ವಾರ ರಕ್ತದ ಬಟ್ಟೆ ನೆನೆಸೋ ಕೆಲಸ. ನುಡಿಸುವವರು ಬಂದು ಮೊದಲು ಹೇಳಿದ್ದೇ, ಮನಸ್ಸು ಬಂದಾಗ ತಟ್ಟಿ, ತಪ್ಪಿಲ್ಲ ಅಂತ. ಉಪಚಾರದ ಮಾತು ಅಂದುಕೊಂಡೆ.

ನುಡಿಸಿದರಪ್ಪಾ. ಬಟ್ಟೆ ಒಣಗಿಸುವ ಯಂತ್ರ ಮಧ್ಯೆ ಪೀಂ ಅಂತ ಕೂಗಿದರೂ ನಿಲ್ಲಿಸಲಿಲ್ಲ. ಎಂದೂ ಬಾಯಿ ಮುಚ್ಚದ ನಮ್ಮ ಬಾಯ್ಲರ್ ತಾತ ಟೋಪಿ ತೆಗೆದು ತೊಡೆ ಮೇಲಿಟ್ಟುಕೊಂಡು ಕೂತುಬಿಟ್ಟ. ಅವರು ಒಂದು ಸಲ ನಿಲ್ಲಿಸಿದರು, ನಾನು ಕೈಯೆರಡನ್ನೂ ಸೆರಗಿನೊಳಗೆ ಕಟ್ಟಿಕೊಂಡೆ. ಇನ್ನೊಂದು ಸಲ ನಿಲ್ಲಿಸಿದರು, ಕೈ ಬಿಚ್ಚಲಿಲ್ಲ. ಕೊನೆಗೊಮ್ಮೆ ನಿಲ್ಲಿಸಿ ನಮ್ಮನ್ನೇ ನೋಡುತ್ತಾ ಕೂತರು. ನಲವತ್ತು ಹೆಂಗಸರು ನನ್ನ ಕೈ ನೋಡ್ತಿದ್ದಾರೆ, ನಾನು ಅವರ ಕಮಾನು ನೋಡ್ತಿದ್ದೀನಿ. ಪಾಪ, ಪಿಟೀಲಿನವನೊಬ್ಬನ ಮುಖ ಬಿಳಿಚಿಕೊಂಡಿತು. ಆಗ ಬಾಯ್ಲರ್ ತಾತ, ತಟ್ಟು ತಾಯಿ, ಅವರೂ ಮನೆಗೆ ಹೋಗಬೇಕು ಅಂದ. ತಟ್ಟಿದೆ. ತಗಡು ಹಾರಿಹೋಗುತ್ತೆ ಅನ್ನಿಸಿತು ಕಣೋ.

ಆಮೇಲೆ ಆ ಹುಡುಗಿಗೆ ಟೀ ಕೊಡುತ್ತಾ ನನ್ನ ಪೆದ್ದುತನ ಒಪ್ಪಿಕೊಂಡೆ. ಅವಳು ನಕ್ಕು, ಮನಸ್ಸು ಬಂದಾಗ ತಟ್ಟಿ ಅಂತ ಹೇಳಿಯೇ ಶುರು ಮಾಡಬೇಕು ಅಂತ ನಮ್ಮ ಚೆಲೋ ಅಣ್ಣನ ಹಟ, ಎಲ್ಲಾ ಗುಂಪಿಗೂ ಅದೇ ಕಟ್ಟಳೆ ಅಂದಳು. ಒಮ್ಮೆ ನಮ್ಮಕ್ಕ ಚಪ್ಪಾಳೆ ತಟ್ಟಿದಾಗ ತಲೆ ತಗ್ಗಿಸಿದೆ, ತಲೆಯೆತ್ತಿ ನಗಬೇಕಿತ್ತು ಅಂತ ಈಗಲೂ ಹೇಳ್ತಿರ್ತಾರಂತೆ. ಆ ಅಕ್ಕ ನಾನೇ ಅಂತ ಹೇಳಲಿಲ್ಲ. ಬೆಡ್‌ಶೀಟ್ ಇಳಿಸೋ ನೆಪದಲ್ಲಿ ಎದ್ದು ಹೋದೆ. ಊರಿಗೆಲ್ಲಾ ಹೇಳ್ತೀಯ, ನನಗೊಬ್ಬಳಿಗೆ ಹೇಳೋಕೆ ನಿನಗೇನಾಗಿತ್ತು?

ನಾದಿನಿಯನ್ನು ಕೇಳಿದೆ ಅನ್ನು, ಮಕ್ಕಳ ಕೆನ್ನೆ ಹಿಂಡು. ನಿನ್ನ ಕೈ ನೆಟ್ಟಗಿರಲಿ, ಕಮಾನು ಇನ್ನೂ ಬಹಳ ಕಾಲ ಆಡಲಿ.

ಇಂತಿ,
ನಿನ್ನ ಜಗಳಗಂಟಿ ಅಕ್ಕ

ಮರೆತಿದ್ದೆ. ಮುಂದಿನ ತಿಂಗಳು ಹದಿನಾಲ್ಕಕ್ಕೆ ಸಭಾಂಗಣದಲ್ಲಿ ನಿಮ್ಮ ಕಚೇರಿ ಇದೆಯಂತೆ. ರಜೆ ಬರೆದುಕೊಟ್ಟಾಗಿದೆ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಇಡಿಸು. ಬಾಯ್ಲರ್ ತಾತನೂ ಬರ್ತಾನಂತೆ, ಎರಡು ಇಡಿಸು. ನನಗೆ ಬೇಕಾದಾಗ ತಟ್ತೀನಿ. ನೀನು ತಲೆ ಎತ್ತಿಕೊಂಡಿರು, ಅಷ್ಟೇ.