ಪಾಸ್ ಎಂದು ಬರೆದ ಬೆಸುಗೆ

ಮದ್ದೂರು
12-3-2025

ಅಕ್ಕರೆಯ ಶೋಭಿತಾ,

ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ಫೋನಿನಲ್ಲಿ ಹೇಳಲು ನಾಲಗೆ ಏಳಲಿಲ್ಲ, ಅದಕ್ಕೇ ಈ ಕಾಗದ. ನಾಳಿದ್ದು ಶುಕ್ರವಾರ ನಿನ್ನ ಗಂಡನ ವಿಚಾರಣೆಗೆ ಬಂದು ನಿಜ ಹೇಳು ಎಂದು ನೀನು ಬೇಡಿಕೊಂಡೆ. ಬರುತ್ತೇನೆ. ನಿಜ ಹೇಳಲಾರೆ.

ಶೆಡ್ಡಿನಲ್ಲಿ ನಮ್ಮ ಕೆಲಸ ಏನೆಂದು ಕೇಳು. ತಾಮ್ರದ ಪಟ್ಟಿ, ಅಲ್ಯೂಮಿನಿಯಂ ಪಟ್ಟಿ ಎರಡನ್ನೂ ಕರಗಿಸದೆ ಕೂಡಿಸುತ್ತೇವೆ. ಗಿರಗಿರ ತಿರುಗುವ ಉಕ್ಕಿನ ಮೊಳೆ ಎರಡರ ನಡುವೆ ಇಳಿದು, ತಿಕ್ಕಿ ಮೆತ್ತಗೆ ಮಾಡಿ, ಕೋಲಿನಲ್ಲಿ ಹಿಟ್ಟು ತಿರುವಿದ ಹಾಗೆ ಕಲಸುತ್ತದೆ. ಬಿಸಿ ಹೆಚ್ಚಾದರೆ ಮೇಲೆ ಕನ್ನಡಿಯ ನುಣುಪು, ಒಳಗೆ ಪಾಕ ಮೀರಿದ ಬೆಲ್ಲದ ಪೆಡಸು. ಯಂತ್ರ ನಡೆಸುವ ನಿನ್ನ ಸಿದ್ದೇಶ ಅದನ್ನು ಸದ್ದಿನಲ್ಲೇ ಹಿಡಿಯುತ್ತಿದ್ದ. ತುಂಡು ಬಗ್ಗಿಸಿ ನೋಡಿ 'ಪಾಸ್' ಬರೆಯುವುದು ನನ್ನ ಕೆಲಸ.

ಅವತ್ತು ಲಾರಿ ಗೇಟಿನಲ್ಲಿ ನಿಂತಿತ್ತು. ಯಜಮಾನನೇ ಬಂದು ಮೊಳೆ ತಿರುಗುವ ವೇಗ ಏರಿಸಿದ. "ಬ್ಯಾಡಿ ಸಾ, ಒಳ್ಗೆ ಕಮರೋಯ್ತದೆ" ಅಂದ ಸಿದ್ದೇಶ. "ನಿಮ್ಮಪ್ಪ ಮಾಡಿದ್ನೇನ್ಲಾ ಈ ಮಿಸಿನ್ನ?" ಅಂದ ಯಜಮಾನ. ನಾನು ಬಗ್ಗಿಸಿದ ತುಂಡು ಪಟ್ಟೆಂದು ಮುರಿಯಿತು. ತೋರಿಸಿದೆ. "ಒಳಗ್ ಯಾವನ್ ಇಣುಕ್ತಾನಮ್ಮ? ಬರಿ ಪಾಸು" ಅಂದ. ಬರೆದೆ.

ಆ ಪಟ್ಟಿಗಳು ಹೋದದ್ದು ಎಲೆಕ್ಟ್ರಿಕ್ ಆಟೋದ ಬ್ಯಾಟರಿಗೆ. ಹಲಗೂರಿನ ರಸ್ತೆಯಲ್ಲಿ ಬೆಸುಗೆ ಬಿಟ್ಟು ಆಟೋ ಹೊತ್ತಿಕೊಂಡಿತು. ಡ್ರೈವರ್ ಕರಿಯಯ್ಯನ ಎರಡೂ ಪಾದಗಳು ಬೆಂದವು. ಈಗ ಯಜಮಾನ ನನ್ನ ಸಹಿಯನ್ನೇ ಎತ್ತಿ ಹಿಡಿದಿದ್ದಾನೆ. ತಪಾಸಣೆಯಲ್ಲಿ ಎಲ್ಲ ಸರಿಯಿತ್ತಂತೆ, ಆಮೇಲೆ ಸಿದ್ದೇಶನೇ ಕದ್ದು ವೇಗ ಏರಿಸಿದನಂತೆ, "ಆ ಕೇರಿಯೋರ್ ಕೈಗೆ ಮಿಸಿನ್ ಕೊಟ್ರೆ ಇನ್ನೇನಾದದು" ಅಂತೆ. ಯಂತ್ರಕ್ಕೆ ಜಾತಿಯಿಲ್ಲ ಎಂದು ಶಿವಪುರದ ಸಭೆಯಲ್ಲಿ ಗಂಟಲು ಹರಿದುಕೊಂಡವಳು ನಾನು. ತಪ್ಪಿಗೆ ಜಾತಿಯಿದೆ ಕಣೆ. ಅದು ದಾರಿ ಕೇಳದೆ ನಮ್ಮ ಕೇರಿಗೇ ಬರುತ್ತದೆ. ಆ ಶೆಡ್ಡಿನೊಳಕ್ಕೆ ಕೇರಿಯಿಂದ ಹೋದವರು ನಾನು, ಸಿದ್ದೇಶ ಇಬ್ಬರೇ.

ಬಾಯಿ ಬಿಟ್ಟರೆ, ಸುಳ್ಳು ಬರೆದವಳು ನಾನೆಂದಾಗುತ್ತದೆ. ಜೈಲಿಗೆ ಹೋಗುವವಳೂ ನಾನೇ, ಅವನಲ್ಲ. ನನ್ನ ಮುಖಕ್ಕೆ ಉಗಿ. ಒರೆಸಿಕೊಳ್ಳದೆ ನಿಲ್ಲುತ್ತೇನೆ.

ನಿನ್ನ ಗೆಳತಿ ಎನ್ನಿಸಿಕೊಳ್ಳಲು ನಾಚುವ,
ಸೌಮ್ಯ

ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು: ತುಂಡು ಮುರಿದಾಗ ಸಿದ್ದೇಶ ಪಕ್ಕದಲ್ಲೇ ಇದ್ದ. ನಾನು ಬರೆದದ್ದನ್ನೂ ನೋಡಿದ. ಶುಕ್ರವಾರ ಅವನೂ ಅದನ್ನು ಹೇಳುವುದಿಲ್ಲ. ನಿನ್ನೆ ಬಸ್ಸಿನ ಹತ್ತಿರ ಸಿಕ್ಕಿ, "ಇಬ್ರಲ್ಲಿ ಒಬ್ರಾದ್ರೂ ಸೆಡ್ಡೊಳ್ಗೆ ಉಳೀಲಿ ಕಣಮ್ಮ, ನೀನ್ ಸುಮ್ಕಿರು. ಸೋಭಿತಂಗೆ ಏಳ್ಬ್ಯಾಡ" ಅಂದ. ನಾನು ಹೂಂ ಅಂದೆ.