ಭಾವನ ಕೆಂಪು ಟ್ರಾಕ್ಟರ್ ಗುಜರಿಗೆ ಹೊರಟ ದಿನ

ಭಾವ,

ನಿಮ್ಮ ಹೆಂಡತಿಯ ತಮ್ಮ, ಬೇಲಿಯಾಚೆಯಿಂದ ಬರೆಯುತ್ತಿದ್ದೇನೆ. ನೀವಿದ್ದಾಗ ಪತ್ರ ಬರೆಯುವ ಅಗತ್ಯವೇ ಬೀಳಲಿಲ್ಲ. ಬೇಲಿ ದಾಟಿ ಬಂದು ಜಗಳ ಮಾಡಿ ಹೋಗುತ್ತಿದ್ದೆ. ಈಗ ಯಾರ ಹತ್ತಿರ ಜಂಬ ಕೊಚ್ಚಿದರೂ ಹೂಂ ಅಂದುಬಿಡುತ್ತಾರೆ. ಅದರಲ್ಲಿ ಎಂತ ಸುಖ? ಆದರೂ ಮೊನ್ನೆ ನಡೆದದ್ದನ್ನು ನಿಮಗೆ ನಾನೇ ಹೇಳಬೇಕು. ನಿಮ್ಮ ಮಗಳು ವನಜ ಹೇಳಿದರೆ ನನ್ನ ಪಾತ್ರ ತೀರಾ ಸಣ್ಣದಾಗುತ್ತದೆ.

ನಾನು ಹೊಸ ಟ್ರಾಕ್ಟರ್ ತಂದು ನಿಮ್ಮ ಅಂಗಳದಲ್ಲಿ ನಿಲ್ಲಿಸಿದ ದಿನ ನೆನಪಿದೆಯಾ? ಮೆತ್ತನೆಯ ಸೀಟು, ಒಂದು ಬೆರಳಿಗೆ ತಿರುಗುವ ಸ್ಟಿಯರಿಂಗ್, ಎದುರಿಗೆ ಬಣ್ಣಬಣ್ಣದ ದೀಪ. ಸೀತೂರಿನಲ್ಲಿ ಅಂಥದ್ದು ಇನ್ಯಾರ ಹತ್ತಿರ ಇತ್ತು? ನೀವು ಒಂದು ಸುತ್ತು ಬಂದು, “ಚೆನಾಗಿದೆ ಮಾರಾಯ, ಮದ್ವೆ ದಿಬ್ಬಣಕ್ಕೆ ಅಡ್ಡಿಲ್ಲ” ಅಂದಿರಿ. ಆಮೇಲೆ ಅದು ನಿಮ್ಮ ಮನೆಯ ಏರಿನಲ್ಲೇ ಹಳದಿ ದೀಪ ಹತ್ತಿಸಿಕೊಂಡು ನಿಂತಿತು. “ದೀಪ ಎಂತ ಹೇಳ್ತದೋ?” ಅಂತ ಕೇಳಿದಿರಿ. “ಎಂತದೂ ಹೇಳೂದಿಲ್ಲ ಭಾವ, ಸುಮ್ನೆ ಹತ್ತಿದೆ” ಅಂದೆ. ಶಿವಮೊಗ್ಗದಿಂದ ಲ್ಯಾಪ್‌ಟಾಪ್ ಹಿಡಿದು ಜನ ಬರುವವರೆಗೆ ನೀವು ನಕ್ಕ ನಗು... ಹೋಗಲಿ, ಅದು ಈಗ ಬೇಡ.

ನೀವು ಹೋದ ಮೇಲೆ ನಿಮ್ಮ ಹಳೇ ಕೆಂಪು ಟ್ರಾಕ್ಟರ್ ಇಡೀ ಮಳೆಗಾಲ ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ನಿಂತೇ ಇತ್ತು. ಬ್ಯಾಟರಿ ಸತ್ತಿತು, ಸೀಟಿನ ಕೆಳಗೆ ಇಲಿ ಸಂಸಾರ ಹೂಡಿತು. ಈ ಬೇಸಿಗೆಯಲ್ಲಿ ಅಕ್ಕ ಒಂದೇ ಮಾತು ಹೇಳಿದಳು: “ಹಾಲು ಕರೀಲಿಕ್ಕೆ ಹೋದಾಗೆಲ್ಲ ಅದು ಕಣ್ಣಿಗೆ ಬೀಳ್ತದೆ. ನನಗೆ ಬೇಡ. ಗುಜರಿಗೆ ಕೊಡಿ.” ವನಜಳಿಗೆ ಕೆಳಗಿನ ಗದ್ದೆ ತಾನೇ ಮಾಡಬೇಕೆಂಬ ಹಟ. ಚಕ್ರ ಹೂತುಹೋಗುವ ಅಲ್ಲಿಯ ಹುದುಲು ಕೆಸರು ನಿಮಗೆ ಗೊತ್ತಲ್ಲ, ಬಾಡಿಗೆ ಟ್ರಾಕ್ಟರಿನವರು ಬದುವಿನಲ್ಲೇ ನಿಂತು ಕೈ ಮುಗಿಯುತ್ತಾರೆ. ಕೆಂಪು ಹೋದರೆ ಗದ್ದೆಯೂ ಹಾಳು ಬಿದ್ದಂತೆಯೇ. ಅವಳು ಬೇಡಿಕೊಂಡ ಮೇಲೆ ಅಕ್ಕ ಇಷ್ಟು ಬಿಟ್ಟುಕೊಟ್ಟಳು: “ಗುಜರಿಯವರು ಬಂದ ದಿನ ಸ್ಟಾರ್ಟ್ ಆದ್ರೆ ಇರ್ಲಿ. ಇಲ್ಲದಿದ್ರೆ ಮಾತಿಲ್ಲ.”

ಕೊಪ್ಪದಿಂದ ಗುಜರಿ ವ್ಯಾಪಾರಿ ಹಮೀದ್ ಸಾಹೇಬರು ಲಾರಿ ತಂದ ಬೆಳಿಗ್ಗೆ ನಾನು ಇಸ್ತ್ರಿ ಅಂಗಿ ಹಾಕಿ ಸಿದ್ಧನಾಗಿದ್ದೆ. ಅವರು ಎಂಜಿನ್ನಿಗೆ ಬೆರಳಿನಿಂದ ಟಣ್ ಅಂತ ಬಡಿದು, ಕಿವಿಗೊಟ್ಟು, ಇನ್ನೊಮ್ಮೆ ಬಡಿದರು. “ದೇವಸ್ಥಾನದ ಗಂಟೆ ಹಂಗೆ ಇದೆಯಲ್ಲ ಮಾರಾಯ್ರೆ. ಈಗಿನದ್ದು ಬಡಿದ್ರೆ ತಗಡು ಡಬ್ಬಿ ಸದ್ದು. ಇಂಥ ಬೀಡು ಕಬ್ಬಿಣ ಈಗ ಯಾರು ಎರೀತಾರೆ?” ಒಡೆಯಲು ಬಂದವನೇ ಹೀಗೆ ಹೇಳಿದರೆ ನಾವು ಎಂತ ಹೇಳುವುದು?

ವನಜ ಡೀಸೆಲ್ ದಾರಿ ಬಿಡಿಸುವುದನ್ನು ಅವತ್ತು ಹತ್ತಿರದಿಂದ ನೋಡಿದೆ. ಫಿಲ್ಟರಿನ ಕೆಳಗಿನ ಗಾಜಿನ ಬಟ್ಟಲಲ್ಲಿ ತಳಕ್ಕೆ ನೀರು, ಮೇಲೆ ಡೀಸೆಲ್, ನಡುವೆ ಗೆರೆ ಎಳೆದಂತೆ ಕಾಣುತ್ತಿತ್ತು. ಬಟ್ಟಲು ಬಿಚ್ಚಿ ಚೆಲ್ಲಿದಳು. ಒಂದು ತಿರುಪು ಸಡಿಲಿಸಿ ಕೈಪಂಪು ಒತ್ತಿದಳು. ಗುಳ್ಳೆ ಗುಳ್ಳೆಯಾಗಿ ಗಾಳಿ ಹೋಗಿ, ಕೊನೆಗೆ ಬರೀ ಡೀಸೆಲ್ ಬಂತು. ಒಂದೇ ಸ್ಪ್ಯಾನರ್ ಭಾವ. ಈ ಯಂತ್ರ ಯಾವುದನ್ನೂ ಮುಚ್ಚಿಡುವುದಿಲ್ಲ. ಎಲ್ಲಿ ನೋವು ಅಂತ ಬೆರಳಿಟ್ಟು ತೋರಿಸುತ್ತದೆ. ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ನನಗೆ ಇದು ಕಾಣಲಿಲ್ಲವಲ್ಲ...

ಇಳಿಜಾರಿಗೆ ತಳ್ಳುವಾಗ ಸೀಟಿನಲ್ಲಿ ಕೂತವನು ನಾನು. ಇನ್ಯಾರು ಕೂರುವುದು? ಸೈಲೆನ್ಸರ್ ಕೊಳವೆಗೆ ಮಳೆಗೆಂದು ಹಾಕಿದ್ದ ಅಡಿಕೆ ಹಾಳೆಯ ಟೊಪ್ಪಿಯನ್ನು ಎಲ್ಲರಿಗೂ ಕಾಣುವಂತೆ ತೆಗೆದು ಆಚೆ ಎಸೆದೆ. ವನಜ, ಸಾಹೇಬರು, ಲಾರಿಯ ಡ್ರೈವರ್ ಎಲ್ಲ ಸೇರಿ ದೂಡಿದರು. ವೇಗ ಹಿಡಿದ ಮೇಲೆ ಕ್ಲಚ್ ಬಿಟ್ಟೆ. ಹಳೇ ಟ್ರಾಕ್ಟರಿಗೆ ಬ್ಯಾಟರಿಯ ಹಂಗಿಲ್ಲ, ಚಕ್ರ ಉರುಳಿದರೆ ಸಾಕು. ಎಂಜಿನ್ ಒಮ್ಮೆ ಗುಡುಗಿತು, ಕೆಮ್ಮಿತು, ಸುಮ್ಮನಾಯಿತು. ನಾನು ಇಳಿಜಾರಿನ ಬುಡದಲ್ಲಿದ್ದೆ. ಮುಂದೆ ಸಪಾಟು ರಸ್ತೆ. ಅಕ್ಕ ಮೇಲಿಂದ ನೋಡಿ ಒಳಗೆ ನಡೆದಳು.

“ಮಾವ, ಟೊಪ್ಪಿ ತೆಗ್ದ್ರಿ, ಅದರ ಕೆಳಗಿನ ಗೋಣಿ ತೆಗ್ದ್ರಾ?” ಅಂತ ವನಜ ಕೇಳಿದಾಗ ನಾನು ಆಕಾಶ ನೋಡಿದೆ. ಕೊಳವೆಯ ಬಾಯಿಗೆ ಗೋಣಿ ತುರುಕಿ ಭದ್ರ ಮಾಡಿದವನು ಯಾರು ಅಂತ ನೀವು ಕೇಳಬೇಡಿ. ವನಜ ತಂತಿ ಕೊಕ್ಕೆ ಹಾಕಿ ಅದನ್ನು ಎಳೆದು ತೆಗೆದು, “ಇಳೀರಿ ಮಾವ” ಅಂದಳು. ಇಳಿದೆ. ಹಮೀದ್ ಸಾಹೇಬರು ಲಾರಿಯ ಸರಪಳಿ ತಂದು ಮುಂದಿನ ಆಕ್ಸೆಲಿಗೆ ಸಿಕ್ಕಿಸಿದರು. “ಸಾಹೇಬ್ರೆ, ಅದು ಸ್ಟಾರ್ಟ್ ಆದ್ರೆ ನಿಮಗೇ ಲುಕ್ಸಾನಲ್ವಾ?” ಅಂದೆ. “ಎಳೀಲಿಕ್ಕೇ ಬಂದದ್ದಲ್ವಾ, ಎಳೀತೇನೆ. ನೀವು ದಾರಿ ಬಿಡಿ” ಅಂದರು.

ಗುಜರಿ ಲಾರಿ ಮುಂದೆ, ಟ್ರಾಕ್ಟರ್ ಹಿಂದೆ, ಪಕ್ಕದಲ್ಲಿ ಪಂಚೆ ಎತ್ತಿಕಟ್ಟಿ ಓಡುವ ನಾನು. ತಿರುವಿನ ಹತ್ತಿರ ವನಜ ಕ್ಲಚ್ ಬಿಟ್ಟಳು. ಕರಿಹೊಗೆ, ಬಿಳಿಹೊಗೆ, ಆಮೇಲೆ ಹೊಗೆಯೇ ಇಲ್ಲ. ಡುಗ್ ಡುಗ್ ಡುಗ್. ಒಂದು ಮಳೆಗಾಲ ಸತ್ತಂತೆ ಬಿದ್ದಿದ್ದ ಕಬ್ಬಿಣ, ನಿನ್ನೆ ತಾನೆ ನಿಲ್ಲಿಸಿದ್ದಂತೆ ಉಸಿರಾಡುತ್ತಿತ್ತು. ರೋಮ ಎದ್ದು ನಿಂತಿತು ಭಾವ, ಸುಳ್ಳಲ್ಲ. ಸಾಹೇಬರು ಲಾರಿಯಿಂದ ಇಳಿದು ಬಾನೆಟ್ ಮೇಲೆ ಕೈಯಿಟ್ಟು ನೋಡಿ, ಸರಪಳಿ ಬಿಚ್ಚಿಕೊಂಡರು.

ಮೊದಲ ಮಳೆ ಬಿದ್ದ ಮೇಲೆ ವನಜ ಕೆಳಗಿನ ಗದ್ದೆಗೆ ಇಳಿದಳು. ಹುದುಲಿನಲ್ಲಿ ಭಾರ ಬಿದ್ದಾಗ ಅವಳು ಏನೂ ಮುಟ್ಟದಿದ್ದರೂ ಎಂಜಿನ್ ತಾನೇ ಅರಿತು ಉಸಿರು ಎಳೆದುಕೊಳ್ಳುತ್ತದೆ. ಭಾರ ಇಳಿದರೆ ತಾನೇ ತಣ್ಣಗಾಗುತ್ತದೆ. ಇಷ್ಟು ಬುದ್ಧಿ ಇದಕ್ಕೆ ಯಾರು ಕೊಟ್ಟರು? ನನ್ನ ಗದ್ದೆಗೂ ಅವಳನ್ನೇ ಕರೆದಿದ್ದೇನೆ. ನನ್ನ ಹೊಸದರ ಬಾನೆಟ್ ಮೇಲೆ ಬಿಸಿಲು ಬಂದ ದಿನ ಅಕ್ಕ ಹಪ್ಪಳ ಒಣಗಿಸುತ್ತಾಳೆ. ಚೆನ್ನಾಗಿ ಕಾಯುತ್ತದಂತೆ.

ಇನ್ನೊಂದು ಸುದ್ದಿ. ಅವತ್ತು ಉಳುಮೆಯ ನಡುವೆ ಅಕ್ಕ ಬದುವಿಗೆ ಬಂದಳು. ಗದ್ದೆಯ ಕಡೆ ನೋಡಲಿಲ್ಲ, ತಲೆ ಬಗ್ಗಿಸಿ ಕೇಳುತ್ತಿದ್ದಳು. “ಕೂಸೇ, ಆ ಮೂಲೇಲಿ ಒಂದು ಗೇರ್ ಇಳ್ಸು. ಅಪ್ಪ ಇಳಿಸ್ತಿದ್ರು” ಅಂತ ಕೂಗಿದಳು. “ನಿನಗೆ ಹೇಗೆ ಗೊತ್ತು? ನೀನು ಗದ್ದೆಗೇ ಬಂದವಳಲ್ಲ” ಅಂದೆ. “ಅಡುಗೆಮನೆಗೆ ಕೇಳ್ತಿತ್ತು” ಅಂದಳು.

ವನಜ ಗೇರ್ ಇಳಿಸಿದಳು. ಸದ್ದು ಬದಲಾಯಿತು. ಅಕ್ಕ, “ಹಾಂ, ಹಾಗೆ” ಅಂದು, ಸೆರಗು ಹಾಸಿ ಅಲ್ಲೇ ಬದುವಿನ ಮೇಲೆ ಕೂತಳು. ಗದ್ದೆ ಮುಗಿಯುವವರೆಗೆ ಏಳಲಿಲ್ಲ.

ನಿಮ್ಮ
ಭಾವಮೈದ